ಲಿನಕ್ಸ್ ಸ್ಕ್ರೀನ್ ಲಾಕ್: ಪಾಸ್‌ವರ್ಡ್ ಕೇಳುವುದು ಯಾರು, ಪರೀಕ್ಷಿಸುವುದು ಯಾರು, ಸರಿಯಾಗಿ ಹೊಂದಿಸುವುದು ಹೇಗೆ

ಬೆಳಗಾವಿಯ ಖಡೇಬಜಾರ ಸುತ್ತಮುತ್ತ ಸಿಗುವಂಥ ಸಣ್ಣ ಡಿಟಿಪಿ ಅಂಗಡಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೂರ್ನಾಲ್ಕು ಹಳೇ ಕಂಪ್ಯೂಟರ್, ಎಲ್ಲದರಲ್ಲೂ ಡೆಬಿಯನ್ ಅನ್ನುವ ಲಿನಕ್ಸ್. ಒಂದರಲ್ಲಿ ಕನ್ನಡ ಲಗ್ನಪತ್ರಿಕೆ, ಪಕ್ಕದ್ದರಲ್ಲಿ ಮರಾಠಿ ಲಗ್ನಪತ್ರಿಕೆ, ಮತ್ತೊಂದರಲ್ಲಿ ಯಾರದೋ ಹೊಲದ ಉತಾರ ಮತ್ತು ಆಧಾರ್ ಸ್ಕ್ಯಾನ್. ಕೌಂಟರಿಗೆ ಮೊಣಕೈ ಊರಿ ನಿಂತ ಗಿರಾಕಿಗೆ ಪರದೆ ಪೂರ್ತಿ ಕಾಣುತ್ತದೆ. ಚಹಾಕ್ಕೆ ಎದ್ದು ಹೋಗುವಾಗ ಲಾಕ್ ಮಾಡಲೇಬೇಕು.

ಲಾಕ್ ಹಾಕುವುದು ಸುಲಭ. ಎಡವಟ್ಟು ಆಗುವುದು ತೆಗೆಯುವಾಗ. ಪಾಸ್‌ವರ್ಡ್ ಸರಿ ಇದ್ದರೂ ಒಪ್ಪುವುದಿಲ್ಲ, ಅರ್ಧ ಮಾಡಿದ ಕೆಲಸ ಒಳಗೇ ಉಳಿಯುತ್ತದೆ, ಕೊನೆಗೆ ಪವರ್ ಬಟನ್ ಒತ್ತಿ ಕೆಲಸ ಕಳೆದುಕೊಳ್ಳುತ್ತಾರೆ. ಹಿನ್ನೆಲೆ ಚಿತ್ರ ಮಸುಕು ಮಾಡುವುದು, ಗಡಿಯಾರ ತೋರಿಸುವುದು ಇತ್ಯಾದಿ ಅಲಂಕಾರದ ಬಗ್ಗೆ ಬೇಕಾದಷ್ಟು ವಿಡಿಯೊ ಇವೆ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ಪಾಸ್‌ವರ್ಡನ್ನು ಯಾರು ಪರೀಕ್ಷಿಸುತ್ತಾರೆ ಅನ್ನುವುದು ತಿಳಿದರೆ ಮುಕ್ಕಾಲು ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವುದು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿ.

ಒಳಗೆ ನಡೆಯುವುದು ಏನು

ಐ3ಲಾಕ್, ಸ್ವೇಲಾಕ್, ಎಕ್ಸ್‌ಸ್ಕ್ರೀನ್‌ಸೇವರ್ ಇವೆಲ್ಲ ಲಾಕರ್‌ಗಳು. ಇವಕ್ಕೆ ನಿಮ್ಮ ಪಾಸ್‌ವರ್ಡ್ ಗೊತ್ತಿಲ್ಲ. ಸಾಹೇಬರ ಕೋಣೆಯ ಹೊರಗೆ ನಿಂತ ಸಿಪಾಯಿಯ ಹಾಗೆ ಲಾಕರ್ ನಿಮ್ಮಿಂದ ಚೀಟಿ ತೆಗೆದುಕೊಂಡು ಒಳಗೆ ಕೊಡುತ್ತದೆ, 'ಬಿಡು' ಅಂದರೆ ಬಿಡುತ್ತದೆ. ಒಳಗೆ ಕೂತಿರುವುದು ಪ್ಯಾಮ್, ಅಂದರೆ ಪಾಸ್‌ವರ್ಡ್ ಪರೀಕ್ಷೆ ನಡೆಸುವ ವ್ಯವಸ್ಥೆ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಸ್ಕೀಮರ್ಸ್ ಇದರ ಪ್ರಸ್ತಾವ ಬರೆದರು. ಲಾಗಿನ್, ಸುಡೊ (ಪೂರ್ಣ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು), ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವುದು), ಸ್ಕ್ರೀನ್ ಲಾಕ್ ಪ್ರತಿಯೊಂದೂ ತನ್ನದೇ ಪರೀಕ್ಷೆ ಬರೆದುಕೊಳ್ಳುವ ಬದಲು ಎಲ್ಲವೂ ಒಂದೇ ಕಡೆ ಕೇಳಲಿ ಅನ್ನುವುದು ಉದ್ದೇಶ.

ಪ್ಯಾಮ್ ಮುಂದಕ್ಕೆ ಪ್ಯಾಮ್-ಯುನಿಕ್ಸ್ ಅನ್ನುವ ಮಾಡ್ಯೂಲಿಗೆ ಕೆಲಸ ಒಪ್ಪಿಸುತ್ತದೆ. ಅದು ನೋಡಬೇಕಾದ ಫೈಲು /ಇಟಿಸಿ/ಶ್ಯಾಡೊ. ಅಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಅದರ ಹ್ಯಾಶ್, ಅಂದರೆ ಅದರಿಂದ ಲೆಕ್ಕ ಹಾಕಿದ, ಹಿಂದಕ್ಕೆ ತಿರುಗಿಸಲಾಗದ ಗುರುತು ಇರುತ್ತದೆ. ಡಾಲರ್-ವೈ-ಡಾಲರ್ ಎಂದು ಶುರುವಾದರೆ ಯೆಸ್‌ಕ್ರಿಪ್ಟ್. 2021ರ ಡೆಬಿಯನ್ 11ರಿಂದ ಹೊಸ ಪಾಸ್‌ವರ್ಡ್‌ಗಳಿಗೆ ಇದೇ ಬರುತ್ತದೆ. ಡಾಲರ್-6-ಡಾಲರ್ ಎಂದಿದ್ದರೆ ಹಳೇ ಎಸ್‌ಎಚ್‌ಎ-512. ನೀವು ಟೈಪ್ ಮಾಡಿದ್ದನ್ನು ಅದೇ ಸಾಲ್ಟ್ (ಹ್ಯಾಶ್ ಜೊತೆಗೇ ಬರೆದಿಟ್ಟ ಒಂದಿಷ್ಟು ಗೊತ್ತುಗುರಿಯಿಲ್ಲದ ಅಕ್ಷರಗಳು) ಸೇರಿಸಿ ಮತ್ತೆ ಹ್ಯಾಶ್ ಮಾಡಿ, ಎರಡೂ ಒಂದೇ ಬಂತಾ ಎಂದು ನೋಡುತ್ತಾರೆ.

ಈಗ ಒಂದು ತೊಡಕು. ಶ್ಯಾಡೊ ಫೈಲನ್ನು ಓದುವ ಹಕ್ಕು ರೂಟ್‌ಗೆ, ಅಂದರೆ ಎಲ್ಲ ಅಧಿಕಾರ ಇರುವ ಅಕೌಂಟಿಗೆ ಇದೆ, ಡೆಬಿಯನ್‌ನಲ್ಲಿ ಶ್ಯಾಡೊ ಗುಂಪಿಗೂ ಇದೆ. ಲಾಕರ್ ಓಡುವುದು ನಿಮ್ಮ ಸಾಮಾನ್ಯ ಹೆಸರಿನಲ್ಲಿ. ಹಾಗಾದರೆ ಓದುವುದು ಹೇಗೆ? ನಡುವೆ ಯುನಿಕ್ಸ್-ಸಿಎಚ್‌ಕೆಪಿಡಬ್ಲ್ಯೂಡಿ (ಟೈಪ್ ಮಾಡುವಾಗ ನಡುವಿನ ಗೆರೆ ಅಂಡರ್‌ಸ್ಕೋರ್) ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಅದಕ್ಕೆ ವಿಶೇಷ ಅನುಮತಿ ಕೊಟ್ಟಿರುತ್ತಾರೆ. ಅದು ಪಾಸ್‌ವರ್ಡ್ ಪಡೆದು, ಫೈಲು ನೋಡಿ, ಸರಿ ಅಥವಾ ತಪ್ಪು ಅಂತ ಮಾತ್ರ ಹೇಳುತ್ತದೆ. ಸಾಮಾನ್ಯ ಬಳಕೆದಾರ ಕರೆದರೆ ಅವನ ಪಾಸ್‌ವರ್ಡನ್ನಷ್ಟೇ ನೋಡುತ್ತದೆ, ಬೇರೆಯವರದ್ದನ್ನಲ್ಲ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದರಿಂದ ಅಂಗಡಿಗೆ ಸಂಬಂಧಿಸಿದ ಒಂದು ಮಾತು ಹೊರಡುತ್ತದೆ. ಮೂವರು ಕೆಲಸಗಾರರು ಒಂದೇ ಅಕೌಂಟ್ ಬಳಸುತ್ತಿದ್ದರೆ ಲಾಕ್‌ಗೆ ಅರ್ಥವಿಲ್ಲ. ಮೂವರಿಗೂ ಪಾಸ್‌ವರ್ಡ್ ಗೊತ್ತು, ಅಂದರೆ ಅದು ಯಾರದ್ದೂ ಅಲ್ಲ. ಮೊದಲು ಆ್ಯಡ್‌ಯೂಸರ್ ಕಮಾಂಡಿನಿಂದ ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್ ಮಾಡಿ.

ಮೊದಲ ಹೆಜ್ಜೆ: ಹೊರಬರುವ ದಾರಿ ಮೊದಲೇ ನೋಡಿಕೊಳ್ಳಿ

ಯಾವ ಫೈಲನ್ನೂ ಮುಟ್ಟುವ ಮೊದಲು ಇದನ್ನು ಮಾಡಿ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ. ಅಲ್ಲಿ ಲಾಗಿನ್ ಆಗಿ, ಸುಡೊ -ಎಸ್ ಕೊಟ್ಟು ರೂಟ್ ಆಗಿ ಹಾಗೇ ಬಿಡಿ. ಮತ್ತೆ ಡೆಸ್ಕ್‌ಟಾಪಿಗೆ ಬರಲು ಕಂಟ್ರೋಲ್, ಆಲ್ಟ್, ಎಫ್7, ಕೆಲವು ಕಡೆ ಎಫ್1 ಅಥವಾ ಎಫ್2. ಪ್ಯಾಮ್ ಕೆಟ್ಟರೆ ಹೊಸ ಲಾಗಿನ್ ಕೂಡ ಆಗದೇ ಇರಬಹುದು. ಆದರೆ ಈಗಾಗಲೇ ತೆರೆದಿರುವ ರೂಟ್ ಪರದೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಲು ಮರೆಯಬೇಡಿ. ಲಾಕ್ ಹಾಕಿ, ಪಕ್ಕದಲ್ಲಿ ರೂಟ್ ಪರದೆ ತೆರೆದಿಟ್ಟರೆ ಏನು ಉಪಯೋಗ, ಅಲ್ವಾ?

ಅಂಗಡಿಯ ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮಾಡಿ ಕೂತರೂ ನಡೆಯುತ್ತದೆ.

ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಎಂಬುದು ಲಾಕರ್ ಮೇಲೆ ನಿಂತಿದೆ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ ಎರಡು: ಹಳೆಯದು ಎಕ್ಸ್11, ಹೊಸದು ವೇಲ್ಯಾಂಡ್. ಎಕ್ಸ್11ನಲ್ಲಿ ಐ3ಲಾಕ್ ಇದ್ದರೆ ಪಿಕಿಲ್ ಐ3ಲಾಕ್ ಸಾಕು, ಪರದೆ ತೆರೆಯುತ್ತದೆ. ವೇಲ್ಯಾಂಡ್‌ನಲ್ಲಿ ಹಾಗೆ ಮಾಡಬೇಡಿ. ಸ್ವೇಲಾಕ್ ಅನ್ನು ಬಲವಂತವಾಗಿ ಕೊಂದರೆ ಸ್ವೇ (ವೇಲ್ಯಾಂಡ್ ಬಳಸುವ ಒಂದು ಡೆಸ್ಕ್‌ಟಾಪ್) ಪರದೆಯನ್ನು ಕೆಂಪು ಮಾಡಿ ಲಾಕ್ ಆಗಿಯೇ ಇಡುತ್ತದೆ. ಅಲ್ಲಿ ಪಿಕಿಲ್ -ಯೂಎಸ್‌ಆರ್1 ಸ್ವೇಲಾಕ್ ಎಂದು ಕೊಡಬೇಕು, ಯೂಎಸ್‌ಆರ್1 ಮಾತ್ರ ದೊಡ್ಡಕ್ಷರದಲ್ಲಿ. ಆಗ ಅದು ಸರಿಯಾಗಿ ತೆರೆದು ಹೊರಬರುತ್ತದೆ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್ ಮತ್ತು ಸೆಷನ್ ನಂಬರ್.

ಹಾಕುವುದು, ಮೊದಲ ಪರೀಕ್ಷೆ

ಎಕ್ಸ್11 ಡೆಸ್ಕ್‌ಟಾಪ್ ಆದರೆ ಸುಡೊ ಎಪಿಟಿ ಇನ್‌ಸ್ಟಾಲ್ ಐ3ಲಾಕ್. ಸ್ವೇ ತರಹದ್ದು ಆದರೆ ಐ3ಲಾಕ್ ಜಾಗದಲ್ಲಿ ಸ್ವೇಲಾಕ್. ಜೊತೆಗೆ ಪ್ಯಾಮ್‌ಟೆಸ್ಟರ್ ಹಾಕಿಕೊಳ್ಳಿ. ಇದು ಬಹಳ ಜನರಿಗೆ ಗೊತ್ತಿಲ್ಲ, ಆದರೆ ನನ್ನ ಪ್ರಕಾರ ಈ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಸಾಧನ ಇನ್ನೊಂದಿಲ್ಲ. ಪರದೆ ಲಾಕ್ ಮಾಡದೆಯೇ ಪಾಸ್‌ವರ್ಡ್ ಪರೀಕ್ಷೆ ನಡೆಸಿ ತೋರಿಸುತ್ತದೆ.

ಹೀಗೆ ಕೊಡಿ: ಪ್ಯಾಮ್‌ಟೆಸ್ಟರ್, ಲಾಕರ್ ಹೆಸರು, ನಿಮ್ಮ ಯೂಸರ್ ಹೆಸರು, ಕೊನೆಗೆ ಅಥೆಂಟಿಕೇಟ್. ಸುಡೊ ಹಾಕಬೇಡಿ. ಲಾಕರ್ ಹೇಗೆ ಸಾಮಾನ್ಯ ಬಳಕೆದಾರನಾಗಿ ಓಡುತ್ತದೋ ಹಾಗೇ ಪರೀಕ್ಷೆ ಆಗಬೇಕು. ಸರಿಯಾದ ಪಾಸ್‌ವರ್ಡ್ ಕೊಟ್ಟಾಗ ಯಶಸ್ಸಿನ ಸಂದೇಶ ಬರಬೇಕು. ತಪ್ಪು ಕೊಟ್ಟಾಗ ಸುಮಾರು 2 ಸೆಕೆಂಡ್ ತಡೆದು ಆಗಲಿಲ್ಲ ಅನ್ನಬೇಕು. ಈ ತಡ ದೋಷವಲ್ಲ. ಒಂದರ ಹಿಂದೊಂದು ಊಹೆ ಮಾಡಿ ನೋಡುವವರನ್ನು ನಿಧಾನ ಮಾಡಲು ಬೇಕೆಂದೇ ಇಟ್ಟಿದ್ದಾರೆ. ತಪ್ಪು ಪಾಸ್‌ವರ್ಡ್ ಕೂಡ ಕೊಟ್ಟು ನೋಡಲೇಬೇಕು. ಯಾವ ಪಾಸ್‌ವರ್ಡ್ ಕೊಟ್ಟರೂ ತೆರೆಯುವ ಲಾಕ್, ಸರಿಯಾದದ್ದನ್ನಷ್ಟೇ ಕೊಟ್ಟು ನೋಡಿದವರ ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ.

ಇದು ಪಾಸಾದ ಮೇಲೆ ನಿಜವಾದ ಲಾಕ್. ಮೊದಲ ಸಲ ಒಂದು ಉಪಾಯ ಮಾಡಿ. ಆವರಣದೊಳಗೆ ಸ್ಲೀಪ್ 60, ಸೆಮಿಕೋಲನ್, ಪಿಕಿಲ್ ಐ3ಲಾಕ್ ಎಂದು ಬರೆದು, ಆವರಣ ಮುಚ್ಚಿ, ಕೊನೆಗೆ ಆ್ಯಂಪರ್‌ಸ್ಯಾಂಡ್ ಹಾಕಿ ಎಂಟರ್. ಆಮೇಲೆ ಐ3ಲಾಕ್. ಪಾಸ್‌ವರ್ಡ್ ಒಪ್ಪದಿದ್ದರೆ ಒಂದು ನಿಮಿಷಕ್ಕೆ ಲಾಕ್ ತಾನೇ ಬಿಡುತ್ತದೆ. ಸ್ವೇಲಾಕ್‌ಗೆ ಇದೇ ಸಾಲಿನಲ್ಲಿ ಯೂಎಸ್‌ಆರ್1 ಸೇರಿಸಿ.

ಪ್ಯಾಮ್ ಫೈಲು: ಒಂದೇ ಸಾಲು, ಆದರೆ ಎಲ್ಲವೂ ಅಲ್ಲಿದೆ

ಪ್ರತಿ ಲಾಕರ್‌ಗೂ /ಇಟಿಸಿ/ಪ್ಯಾಮ್.ಡಿ ಒಳಗೆ ಅದರ ಹೆಸರಿನದೇ ಒಂದು ಫೈಲು ಇರುತ್ತದೆ. ಪ್ಯಾಕೇಜ್ ಮೂಲಕ ಹಾಕಿದರೆ ತಾನೇ ಬರುತ್ತದೆ. ಸೋರ್ಸ್ ಇಳಿಸಿ ನೀವೇ ಕಂಪೈಲ್ ಮಾಡಿದರೆ ಬಾರದೇ ಇರಬಹುದು. 'ಪಾಸ್‌ವರ್ಡ್ ಸರಿ ಇದ್ದರೂ ಒಪ್ಪುತ್ತಿಲ್ಲ' ಅನ್ನುವ ದೂರಿಗೆ ಮೊದಲು ಹುಡುಕಬೇಕಾದ ಕಾರಣ ಇದೇ.

ಫೈಲು ಇಲ್ಲದಿದ್ದರೆ ಪ್ಯಾಮ್ ಅದೇ ಫೋಲ್ಡರಿನ ಅದರ್ ಅನ್ನುವ ಫೈಲಿಗೆ ಹೋಗುತ್ತದೆ. ಆರ್ಚ್, ಫೆಡೋರಾ ಎಂಬ ಬೇರೆ ಲಿನಕ್ಸ್‌ಗಳಲ್ಲಿ ಆ ಫೈಲು ಎಲ್ಲರಿಗೂ ಬೇಡ ಅನ್ನುತ್ತದೆ. ಡೆಬಿಯನ್‌ನಲ್ಲಿ ಅದು ಸಾಮಾನ್ಯ ಪರೀಕ್ಷೆಗೇ ಕಳಿಸುತ್ತದೆ. ಅದಕ್ಕೇ ಡೆಬಿಯನ್‌ನಲ್ಲಿ ನಡೆದ ಒಂದು ಸೆಟ್ಟಿಂಗ್ ಆರ್ಚ್‌ನಲ್ಲಿ ಕೈಕೊಡುತ್ತದೆ.

ಫೈಲು ಬರೆಯುವುದು ಕಷ್ಟವಲ್ಲ. ಡೆಬಿಯನ್, ಉಬುಂಟು ಆದರೆ ಒಂದೇ ಸಾಲು: ಅಟ್ ಚಿಹ್ನೆ, ಅದಕ್ಕೆ ಅಂಟಿಸಿ ಇನ್‌ಕ್ಲೂಡ್, ಜಾಗ ಬಿಟ್ಟು ಕಾಮನ್-ಆಥ್. ಆರ್ಚ್, ಫೆಡೋರಾ ಆದರೆ: ಆಥ್, ಇನ್‌ಕ್ಲೂಡ್, ಸಿಸ್ಟಮ್-ಆಥ್. ಲಾಗಿನ್‌ಗೆ ಯಾವ ನಿಯಮವೋ ಲಾಕ್‌ಗೂ ಅದೇ ಇರಲಿ ಅನ್ನುವುದು ಇದರ ಅರ್ಥ.

ಡೆಬಿಯನ್‌ನ ಕಾಮನ್-ಆಥ್ ತೆರೆದು ನೋಡಿ. ತಿರುಳು ಮೂರು ಸಾಲು. ಮೊದಲನೆಯದು ಪ್ಯಾಮ್-ಯುನಿಕ್ಸ್ ಅನ್ನು ಕೇಳುತ್ತದೆ, ಅದು ಸರಿ ಎಂದರೆ ಮುಂದಿನ ಒಂದು ಸಾಲು ಹಾರಿಸಿ ಎನ್ನುತ್ತದೆ. ಎರಡನೆಯದು ಪ್ಯಾಮ್-ಡಿನೈ, ಯಾರೇ ಬಂದರೂ ಇಲ್ಲ. ಮೂರನೆಯದು ಪ್ಯಾಮ್-ಪರ್ಮಿಟ್, ಯಾರೇ ಬಂದರೂ ಸರಿ. ಪಾಸ್‌ವರ್ಡ್ ಸರಿ ಇದ್ದವರು ಡಿನೈ ಹಾರಿ ಪರ್ಮಿಟ್ ತಲುಪುತ್ತಾರೆ, ಉಳಿದವರು ಡಿನೈಗೆ ತಗಲಿ ನಿಲ್ಲುತ್ತಾರೆ. ನಡುವೆ ಒಂದು ಸಾಲು ಸೇರಿಸಿ, ಹಾರಿಸುವ ಸಂಖ್ಯೆ ಬದಲಿಸದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಈ ಫೈಲನ್ನು ಕೈಯಿಂದ ಮುಟ್ಟದೇ ಇರುವುದು ಒಳ್ಳೆಯದು, ಪ್ಯಾಮ್-ಆಥ್-ಅಪ್‌ಡೇಟ್ ಅನ್ನುವ ಕಮಾಂಡ್ ಇದೆ.

ಸಮಸ್ಯೆ ಬಗೆಹರಿಯಲಿ ಎಂದು ಲಾಕರ್ ಫೈಲಿನಲ್ಲಿ ಸುಮ್ನೆ ಪ್ಯಾಮ್-ಪರ್ಮಿಟ್ ಒಂದನ್ನೇ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಆಗ ಲಾಕ್ ತೆರೆಯುತ್ತದೆ ನಿಜ. ಖಾಲಿ ಎಂಟರ್ ಒತ್ತಿದರೂ ತೆರೆಯುತ್ತದೆ.

ಫೈಲು ಸರಿ ಇದೆ, ಪಾಸ್‌ವರ್ಡ್ ಸರಿ ಇದೆ, ಹೊಸದಾಗಿ ಲಾಗಿನ್ ಆಗುವಾಗ ಒಪ್ಪುತ್ತದೆ, ಲಾಕ್ ಮಾತ್ರ ಒಪ್ಪುವುದಿಲ್ಲ. ಆಗ ಅನುಮಾನ ಪಡಬೇಕಾದದ್ದು ಮೇಲೆ ಹೇಳಿದ ಪುಟ್ಟ ಪ್ರೋಗ್ರಾಂ. ಹಳೇ ಹಾರ್ಡ್ ಡಿಸ್ಕಿನಿಂದ ಹೊಸ ಎಸ್‌ಎಸ್‌ಡಿಗೆ ಸಿಸ್ಟಮ್ ಅನ್ನು ಸಾದಾ ಕಾಪಿ ಮಾಡಿದಾಗ ಅದರ ವಿಶೇಷ ಅನುಮತಿ ಬಿದ್ದುಹೋಗುತ್ತದೆ. ಲಾಗಿನ್ ಪ್ರೋಗ್ರಾಂ ರೂಟ್ ಆಗಿ ಓಡುವುದರಿಂದ ಅದಕ್ಕೆ ಈ ಮಧ್ಯವರ್ತಿ ಬೇಕಿಲ್ಲ, ಲಾಕರ್‌ಗೆ ಬೇಕು. ಎಲ್‌ಎಸ್ -ಎಲ್ ಕೊಟ್ಟು /ಯೂಎಸ್‌ಆರ್/ಎಸ್‌ಬಿನ್ ಒಳಗಿನ ಆ ಫೈಲನ್ನು ನೋಡಿ. ಅನುಮತಿಯ ಅಕ್ಷರಗಳಲ್ಲಿ ಒಂದು ಎಕ್ಸ್ ಬದಲು ಎಸ್ ಇರಬೇಕು, ಡೆಬಿಯನ್‌ನಲ್ಲಿ ಗುಂಪು ಶ್ಯಾಡೊ ಎಂದಿರಬೇಕು. ಇಲ್ಲದಿದ್ದರೆ ಲಿಬ್‌ಪ್ಯಾಮ್-ಮಾಡ್ಯೂಲ್ಸ್-ಬಿನ್ ಪ್ಯಾಕೇಜನ್ನು ರೀಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ. ಹಾಗೆ ಕಾಪಿ ಮಾಡಿದ ಸಿಸ್ಟಮ್‌ನಲ್ಲಿ ಸುಡೊ ಕೂಡ ಕೆಟ್ಟಿರುತ್ತದೆ, ರೂಟ್ ಆಗಿ ನೇರ ಲಾಗಿನ್ ಬೇಕಾಗಬಹುದು.

ಕಾರಣ ಏನೇ ಇರಲಿ, ಲಾಗ್ ನೋಡದೆ ಊಹೆ ಮಾಡಬೇಡಿ. ರೂಟ್ ಪರದೆಯಲ್ಲಿ ಜರ್ನಲ್‌ಸಿಟಿಎಲ್ -ಎಫ್ ಓಡಿಸಿ ಬಿಟ್ಟು, ಲಾಕ್‌ನಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ಟು ಬನ್ನಿ. 'ಪಾಸ್‌ವರ್ಡ್ ಚೆಕ್ ಫೇಲ್ಡ್' ಎಂದು ಬಂದರೆ ಪರೀಕ್ಷೆ ನಡೆದಿದೆ, ನೀವು ಟೈಪ್ ಮಾಡಿದ್ದೇ ತಪ್ಪು. ಆಗ ಮುಂದಿನ ಭಾಗ ಓದಿ.

ಕನ್ನಡ ಕೀಬೋರ್ಡ್ ಮತ್ತು ಲಾಕ್

ಎರಡು ಮೂರು ಭಾಷೆಯಲ್ಲಿ ಟೈಪ್ ಮಾಡುವ ಬೆಳಗಾವಿಯ ಅಂಗಡಿಗಳಿಗೆ ಇದು ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷ್‌ನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದು ಕಡಿಮೆ.

ಕನ್ನಡ ಟೈಪ್ ಮಾಡಲು ಲಿನಕ್ಸ್‌ನಲ್ಲಿ ಎರಡು ಬಗೆ. ಒಂದು ಐಬಸ್ ತರಹದ ಇನ್‌ಪುಟ್ ಮೆಥಡ್. ಇನ್ನೊಂದು ಎಕ್ಸ್‌ಕೆಬಿ ಲೇಔಟ್. ಎಕ್ಸ್‌ಕೆಬಿಯಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಇದೆ, ಕಗಪ ಕೂಡ ಇದೆ. ಐ3ಲಾಕ್ ಕೀಲಿಗಳನ್ನು ನೇರವಾಗಿ ಓದುತ್ತದೆ, ಐಬಸ್ ಅಲ್ಲಿ ನಡುವೆ ಬರುವುದಿಲ್ಲ. ಹಾಗಾಗಿ ಐಬಸ್‌ನಲ್ಲಿ ಕನ್ನಡ ಇಟ್ಟು ಲಾಕ್ ಮಾಡಿದರೆ ತೊಂದರೆ ಇಲ್ಲ. ಎಕ್ಸ್‌ಕೆಬಿಯಲ್ಲಿ ಕನ್ನಡ ಇಟ್ಟು ಲಾಕ್ ಮಾಡಿದರೆ ಲೇಔಟ್ ಹಾಗೇ ಉಳಿಯುತ್ತದೆ. ನೀವು ಇಂಗ್ಲಿಷ್ ಎಂದುಕೊಂಡು ಒತ್ತುವ ಪ್ರತಿ ಕೀಲಿಯೂ ಕನ್ನಡ ಅಕ್ಷರವಾಗಿ ಹೋಗುತ್ತದೆ. ಪರದೆಯಲ್ಲಿ ಬರೀ ಒಂದು ಉಂಗುರ ಮಿನುಗುತ್ತದೆ, ಯಾವ ಅಕ್ಷರ ಹೋಯಿತು ಅಂತ ತಿಳಿಯುವುದೇ ಇಲ್ಲ.

ತಕ್ಷಣದ ಮದ್ದು: ಎಸ್ಕೇಪ್ ಒತ್ತಿ ಟೈಪ್ ಆದದ್ದನ್ನು ಅಳಿಸಿ, ಲೇಔಟ್ ಬದಲಿಸುವ ಕೀಲಿ ಒತ್ತಿ, ಮತ್ತೆ ಟೈಪ್ ಮಾಡಿ. ಕ್ಯಾಪ್ಸ್ ಲಾಕ್ ನೋಡಿ. ಪಾಸ್‌ವರ್ಡಿನಲ್ಲಿ ಅಂಕಿ ಇದ್ದು, ಬಲಗಡೆಯ ನಂಬರ್ ಕೀಲಿಗಳಿಂದ ಒತ್ತುವ ಅಭ್ಯಾಸ ಇದ್ದರೆ ನಮ್ ಲಾಕ್ ಕೂಡ ನೋಡಿ.

ಶಾಶ್ವತ ಮದ್ದು ಒಂದು ಪುಟ್ಟ ಸ್ಕ್ರಿಪ್ಟ್. ಅದರಲ್ಲಿ ಮೂರು ಸಾಲು. ಮೊದಲು ಸೆಟ್‌ಎಕ್ಸ್‌ಕೆಬಿಮ್ಯಾಪ್ ಯುಎಸ್. ಎರಡನೆಯದು ಐ3ಲಾಕ್ -ಎನ್. ಮೂರನೆಯದು ನೀವು ದಿನಾ ಬಳಸುವ ಕನ್ನಡ, ಮರಾಠಿ ಲೇಔಟ್‌ಗಳನ್ನು ಮತ್ತೆ ಹಾಕುವ ಸೆಟ್‌ಎಕ್ಸ್‌ಕೆಬಿಮ್ಯಾಪ್ ಸಾಲು. ಆ -ಎನ್ ಬಿಡಬೇಡಿ. ಅದಿದ್ದರೆ ಲಾಕ್ ತೆರೆಯುವವರೆಗೆ ಸ್ಕ್ರಿಪ್ಟ್ ಎರಡನೇ ಸಾಲಿನಲ್ಲೇ ಕಾಯುತ್ತದೆ. ಇಲ್ಲದಿದ್ದರೆ ಲಾಕ್ ಬಿದ್ದ ಕೂಡಲೇ ಮೂರನೇ ಸಾಲಿಗೆ ಹೋಗಿ ಕನ್ನಡ ಲೇಔಟ್ ವಾಪಸ್ ಬರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಸ್ವೇಲಾಕ್ ಬಳಸುವವರು -ಕೆ ಹಾಕಿದರೆ ಟೈಪ್ ಮಾಡುವಾಗ ಲೇಔಟ್ ಹೆಸರು ಪರದೆಯಲ್ಲೇ ಕಾಣುತ್ತದೆ.

ಪಾಸ್‌ವರ್ಡನ್ನೇ ಕನ್ನಡದಲ್ಲಿ ಇಟ್ಟರೆ ಹೇಗೆ? ಆಸೆಯೇನೋ ಚೆನ್ನಾಗಿದೆ. ಪ್ಯಾಮ್‌ಗೆ ಅಕ್ಷರ ಬರೀ ಬೈಟ್‌ಗಳು, ಅದರ ಕಡೆಯಿಂದ ಅಡ್ಡಿ ಇಲ್ಲ. ಆದರೆ ಕಂಟ್ರೋಲ್-ಆಲ್ಟ್-ಎಫ್3ರ ಕಪ್ಪು ಪರದೆಯಲ್ಲಿ ಕನ್ನಡ ಟೈಪ್ ಮಾಡಲು ಆಗುವುದಿಲ್ಲ. ಸಿಕ್ಕಿಬಿದ್ದಾಗ ಹೊರಬರುವ ದಾರಿಯೂ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಅಕ್ಷರದಲ್ಲೇ ಉದ್ದವಾದ ಪಾಸ್‌ವರ್ಡ್ ಇಡಿ.

ಮೂರು ಸಲ ತಪ್ಪಿದರೆ

ಕೆಲವು ಸಿಸ್ಟಮ್‌ಗಳಲ್ಲಿ ಪ್ಯಾಮ್-ಫೇಲ್‌ಲಾಕ್ ಚಾಲೂ ಇರುತ್ತದೆ. ಆರ್ಚ್‌ನಲ್ಲಿ ಮೊದಲಿನಿಂದಲೇ ಇದೆ. 15 ನಿಮಿಷದ ಒಳಗೆ 3 ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ 10 ನಿಮಿಷ ಆ ಅಕೌಂಟ್ ಬಂದ್. ಆ 10 ನಿಮಿಷದಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ. ಲಾಕ್ ಕೆಟ್ಟಿದೆ ಎಂದು ಜನ ಅಂದುಕೊಳ್ಳುವುದು ಹೀಗೆ.

ಬಿಡಿಸಲು ರೂಟ್ ಪರದೆಯಲ್ಲಿ ಫೇಲ್‌ಲಾಕ್ ಕಮಾಂಡಿಗೆ --ಯೂಸರ್, ಹೆಸರು, --ರಿಸೆಟ್ ಕೊಡಿ. ಮಿತಿ ಬದಲಿಸಬೇಕಾದರೆ /ಇಟಿಸಿ/ಸೆಕ್ಯುರಿಟಿ/ಫೇಲ್‌ಲಾಕ್.ಕಾನ್ಫ್. ಕೌಂಟರ್ ಪಕ್ಕದ ಕಂಪ್ಯೂಟರಿಗೆ ಈ ನಿಯಮ ಅಷ್ಟು ಬಿಗಿಯಾಗಿರಬಾರದು ಎಂದು ನನ್ನ ಅಭಿಪ್ರಾಯ. ಗಿರಾಕಿಯ ಜೊತೆ ಬಂದ ಹುಡುಗ ಕೀಬೋರ್ಡ್ ಮೇಲೆ ಕೈಯಾಡಿಸಿದರೂ ನಿಮ್ಮ 10 ನಿಮಿಷ ಹೋಯಿತು. ಡಿನೈ ಮಿತಿ 5 ಅಥವಾ 6, ಅನ್‌ಲಾಕ್-ಟೈಮ್ (ಇಲ್ಲೂ ನಡುವಿನ ಗೆರೆ ಅಂಡರ್‌ಸ್ಕೋರ್) 120 ಸೆಕೆಂಡ್ ಸಾಕು.

ಎಕ್ಸ್11ನ ಸಂದುಗಳು

ಪಾಸ್‌ವರ್ಡ್ ಪರೀಕ್ಷೆ ಎಷ್ಟೇ ಗಟ್ಟಿ ಇರಲಿ, ಲಾಕರ್ ಪ್ರೋಗ್ರಾಂ ಸತ್ತರೆ ಎಕ್ಸ್11ನಲ್ಲಿ ಪರದೆ ತೆರೆದುಕೊಳ್ಳುತ್ತದೆ. ಎಕ್ಸ್ ಸರ್ವರ್ ಪಾಲಿಗೆ ಲಾಕರ್ ಅಂದರೆ ಇನ್ನೊಂದು ಕಿಟಕಿ, ಅಷ್ಟೇ. 2012ರಲ್ಲಿ ಬಯಲಾದ ಒಂದು ದೋಷದಲ್ಲಿ ಕಂಟ್ರೋಲ್, ಆಲ್ಟ್, ನಂಬರ್ ಕೀಲಿಗಳ ನಕ್ಷತ್ರ ಚಿಹ್ನೆ ಒತ್ತಿದರೆ ಸಾಕು, ಲಾಕ್ ಹಾರಿಹೋಗುತ್ತಿತ್ತು. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್‌ನ ಸಿನಮನ್ ಲಾಕ್ ಅನ್ನು ಮಕ್ಕಳು ಪರದೆ ಮೇಲಿನ ಕೀಬೋರ್ಡ್ ಒತ್ತಿ ಒತ್ತಿ ತೆರೆದದ್ದು ಸುದ್ದಿಯಾಯಿತು. ಅಲ್ಲೂ ಪಾಸ್‌ವರ್ಡ್ ಯಾರೂ ಕದ್ದಿರಲಿಲ್ಲ. ಕೀಬೋರ್ಡ್ ಕೋಡ್ ಕ್ರ್ಯಾಶ್ ಆಗಿ ಲಾಕರನ್ನೂ ಎಳೆದುಕೊಂಡು ಬಿದ್ದಿತ್ತು.

ಲಾಕರ್ ಒಳಗೆ ಭಾರದ ಲೈಬ್ರರಿಗಳನ್ನು ತುಂಬಬೇಡಿ ಎಂದು ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮೀ ಝವಿನ್‌ಸ್ಕಿ ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ಅವರ ಪ್ರೋಗ್ರಾಂ 1992ರಿಂದ ಇದೆ. 2021ರ 6ನೇ ಆವೃತ್ತಿಯಲ್ಲಿ ಪಾಸ್‌ವರ್ಡ್ ಕೇಳುವ ಭಾಗವನ್ನೇ ಬೇರೆ ಪ್ರೋಗ್ರಾಂ ಮಾಡಿ ಕತ್ತರಿಸಿಟ್ಟರು. ಹಳೇ ಎಕ್ಸ್11 ಕಂಪ್ಯೂಟರಿಗೆ ಚಂದಕ್ಕಿಂತ ಸಣ್ಣ ಲಾಕರ್ ಮೇಲು ಎಂದು ನಾನು ಹೇಳುವುದು ಇದಕ್ಕೇ.

ವೇಲ್ಯಾಂಡ್‌ನಲ್ಲಿ ಇದಕ್ಕೆ ಪ್ರತ್ಯೇಕ ಪ್ರೋಟೊಕಾಲ್ ಇದೆ. ಅದನ್ನು ಬಳಸುವ ಕಡೆ ಲಾಕರ್ ಸತ್ತರೂ ಪರದೆ ಬಿಡುವುದಿಲ್ಲ. ಮೇಲೆ ಹೇಳಿದ ಕೆಂಪು ಪರದೆ ಅದರ ಫಲ.

ಇನ್ನೊಂದು ಸಂದು ನಾವೇ ಮಾಡಿಕೊಳ್ಳುವುದು. ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಸ್ಟಾರ್ಟ್‌ಎಕ್ಸ್ ಕೊಟ್ಟು ಡೆಸ್ಕ್‌ಟಾಪ್ ಶುರು ಮಾಡುವವರಿದ್ದಾರೆ. ಹಳೇ ಸಿಸ್ಟಮ್‌ಗಳಲ್ಲಿ ಆಗ ಕಂಟ್ರೋಲ್-ಆಲ್ಟ್-ಎಫ್1 ಒತ್ತಿ ಅಲ್ಲಿಗೆ ಹೋಗಿ, ಕಂಟ್ರೋಲ್-ಸಿ ಒತ್ತಿದರೆ ಡೆಸ್ಕ್‌ಟಾಪ್ ಸತ್ತು ನಿಮ್ಮ ಹೆಸರಿನ ಶೆಲ್ (ಕಮಾಂಡ್ ಕೊಡುವ ಪರದೆ) ಕೈಗೆ ಸಿಗುತ್ತದೆ. ಎಕ್ಸೆಕ್ ಸ್ಟಾರ್ಟ್‌ಎಕ್ಸ್ ಎಂದು ಕೊಟ್ಟರೆ ಈ ತೊಂದರೆ ಇಲ್ಲ.

ಬಿಎಸ್‌ಡಿ ಬಳಸುವವರಿಗೆ

ಬಿಎಸ್‌ಡಿ ಅಂದರೆ ಲಿನಕ್ಸ್ ಅಲ್ಲದ, ಯುನಿಕ್ಸ್ ಕುಟುಂಬದ ಬೇರೆ ಸಿಸ್ಟಮ್‌ಗಳು. ಓಪನ್‌ಬಿಎಸ್‌ಡಿಯಲ್ಲಿ ಪ್ಯಾಮ್ ಇಲ್ಲವೇ ಇಲ್ಲ. ಅಲ್ಲಿ ಬಿಎಸ್‌ಡಿ ಆಥ್. ಪ್ರತಿ ಪರೀಕ್ಷಾ ವಿಧಾನಕ್ಕೂ ಒಂದೊಂದು ಪ್ರತ್ಯೇಕ ಪ್ರೋಗ್ರಾಂ ಇರುತ್ತದೆ, ಯಾವುದು ಯಾರಿಗೆ ಎಂಬುದು ಲಾಗಿನ್.ಕಾನ್ಫ್ ಫೈಲಿನಲ್ಲಿ. ಹ್ಯಾಶ್ ಬಿಕ್ರಿಪ್ಟ್. ಎಕ್ಸ್‌ಲಾಕ್ ಜೊತೆಗೇ ಬರುತ್ತದೆ, ಹೊಂದಿಸುವುದೂ ಜಾಸ್ತಿ ಇಲ್ಲ.

ಫ್ರೀಬಿಎಸ್‌ಡಿಯಲ್ಲಿ ಪ್ಯಾಮ್ ಇದೆ, ಆದರೆ ಲಿನಕ್ಸ್‌ನ ಆ ಪುಟ್ಟ ಮಧ್ಯವರ್ತಿ ಪ್ರೋಗ್ರಾಂ ಇಲ್ಲ. ಮಾಸ್ಟರ್.ಪಾಸ್‌ವ್ಡ್ ಫೈಲನ್ನು ರೂಟ್ ಮಾತ್ರ ಓದಬಹುದು. ಹಾಗಾಗಿ ಸ್ವೇಲಾಕ್ ತರಹದ ಲಾಕರ್ ಬೇಕಾದರೆ ಯುನಿಕ್ಸ್-ಸೆಲ್ಫ್‌ಆಥ್-ಹೆಲ್ಪರ್ ಅನ್ನುವ ಪ್ಯಾಕೇಜ್ ಹಾಕಿ ಪ್ಯಾಮ್ ಫೈಲಿನಲ್ಲಿ ಅದನ್ನು ಕರೆಯಬೇಕು.

ತಾನಾಗಿ ಲಾಕ್ ಆಗುವುದು, ಕರೆಂಟ್ ಹೋಗುವುದು

ಎದ್ದು ಹೋಗುವಾಗ ಲಾಕ್ ಮಾಡಲು ಎಲ್ಲರಿಗೂ ನೆನಪಿರುವುದಿಲ್ಲ. ಎಕ್ಸ್11ನಲ್ಲಿ ಎಕ್ಸ್‌ಸೆಟ್ ಎಸ್ 300 ಕೊಟ್ಟರೆ 5 ನಿಮಿಷದ ಎಣಿಕೆ. ಅದರ ಜೊತೆ ಎಕ್ಸ್‌ಎಸ್‌ಎಸ್-ಲಾಕ್ ಓಡಿಸಿ, ಎರಡು ಅಡ್ಡಗೆರೆ ಹಾಕಿ, ಮೇಲೆ ಮಾಡಿದ ಸ್ಕ್ರಿಪ್ಟಿನ ಹೆಸರು ಕೊಡಿ. ಸ್ವೇಯಲ್ಲಿ ಸ್ವೇಐಡಲ್ ಇದೇ ಕೆಲಸ ಮಾಡುತ್ತದೆ. ಅದಕ್ಕೆ -ಡಬ್ಲ್ಯೂ ಕೊಟ್ಟು, ಟೈಮ್‌ಔಟ್ ಮತ್ತು ಬಿಫೋರ್-ಸ್ಲೀಪ್ ಎರಡು ಕಡೆಯೂ ಸ್ವೇಲಾಕ್ -ಎಫ್ ಬರೆಯಿರಿ. ಆ -ಎಫ್ ಇದ್ದರೆ ಲಾಕ್ ಪೂರ್ತಿ ಬಿದ್ದ ಮೇಲೇ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಆಟೊಲಾಗಿನ್ ಹಾಗೇ ಬಿಟ್ಟಿದ್ದರೆ? ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಕೈಕೊಟ್ಟು ಕಂಪ್ಯೂಟರ್ ಮತ್ತೆ ಶುರುವಾದರೆ ಪಾಸ್‌ವರ್ಡ್ ಕೇಳದೆ ನೇರ ಡೆಸ್ಕ್‌ಟಾಪಿಗೆ ಬಂದು ನಿಲ್ಲುತ್ತದೆ. ಲಾಕ್ ತೆರೆಯಲು ಆಗದವನು ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಲಾಗಿನ್ ಪರದೆ ತೋರಿಸಲು ಲೈಟ್‌ಡಿಎಂ ಬಳಸುತ್ತಿದ್ದರೆ /ಇಟಿಸಿ/ಲೈಟ್‌ಡಿಎಂ/ಲೈಟ್‌ಡಿಎಂ.ಕಾನ್ಫ್ ತೆರೆದು ಆಟೊಲಾಗಿನ್-ಯೂಸರ್ ಎಂದು ಶುರುವಾಗುವ ಸಾಲಿನ ಮುಂದೆ ಹ್ಯಾಶ್ ಚಿಹ್ನೆ (#) ಹಾಕಿ. ನಂತರ ತೆರೆದ ಫೈಲುಗಳನ್ನು ಸೇವ್ ಮಾಡಿ, ಒಮ್ಮೆ ರೀಬೂಟ್ ಮಾಡಿ, ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಎಫ್3ರಲ್ಲಿ ಬಿಟ್ಟಿದ್ದ ರೂಟ್ ಪರದೆಯೂ ಆ ರೀಬೂಟ್‌ನಲ್ಲೇ ಮುಚ್ಚಿಹೋಗುತ್ತದೆ.